ಹಸಿಮಾಂಸ ಮೀಮಾಂಸೆ

ಬೆಂಗಳೂರಿನ ನಾಯಂಡಹಳ್ಳಿಯ ಟ್ವೆಂಟಿ ಥರ್ಟಿ ಸೈಟಿನ ಮೂರನೇ ಮಹಡಿಯಲ್ಲಿ ಗ್ರೇಟ್ ಡೇನ್ ಮರಿ ಸಾಕಬಹುದೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧವು ಕೈಗೆತ್ತಿಕೊಳ್ಳುವುದಿಲ್ಲ, ಈಗಾಗಲೇ ತಂದಾಗಿದೆ. ಅದಕ್ಕೆ ಹಸಿಯಾಗಿ ಏನು ಹಾಕಬೇಕೆಂಬುದಷ್ಟೇ ಇಲ್ಲಿ ವಿಚಾರಣೀಯ.

ಮೊದಲು ಶಾಸನಾಧಾರ. ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನದ ಕಾಳಿ, ರಾಷ್ಟ್ರಕೂಟ ಮೂರನೇ ಕೃಷ್ಣನಿಂದ ಯೋಧ ಮಣಲೆರನು ಬೇಡಿ ಪಡೆದ ಬೇಟೆನಾಯಿ. ಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಹಸಿಮಾಂಸ ಪಂಥದವರು ಆ ಹಂದಿಯನ್ನೇ ಪ್ರಮಾಣವಾಗಿ ಒಡ್ಡುತ್ತಾರೆ. ಆ ಊಟದಿಂದ ನಾಯಿ ಎದ್ದು ಬರಲಿಲ್ಲವೆಂಬುದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮದ್ದೂರು ಸೀಮೆಯಿಂದ ಬಂದದ್ದಾದ್ದರಿಂದ ಮೈಸೂರು ರಸ್ತೆಯ ನಮ್ಮ ಸಿಗ್ನಲ್ ದಾಟಿಯೇ ಹೋಗಿರಬೇಕೆಂಬುದು ಸ್ಥಳೀಯ ವಿದ್ವಾಂಸರ ಊಹೆ. ರಿಂಗ್ ರಸ್ತೆ ಇಲ್ಲದ ಕಾಲ, ತಲುಪಿದೆ.

ಆಧುನಿಕ ಹಸಿಮಾಂಸ ಪಂಥದ ಆಚಾರ್ಯರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. ಅವರ ಗ್ರಂಥ 1993ರದು. ನಮ್ಮಲ್ಲಿ ಆ ತತ್ತ್ವ ‘ಚಿಕನ್ ವೇಸ್ಟ್’ ಆಗಿ ಅವತರಿಸಿತು: ಕತ್ತು, ಕಾಲು, ಚರ್ಮ, ಕಪ್ಪು ಕವರು. ಮೂಸಿ ನೋಡಿ ಕೊಳ್ಳಬೇಕೆಂಬುದು ವಿಧಿ. ನಾರುವ ವೃಷಭಾವತಿಯ ದಡದಲ್ಲಿ ಆ ವಿಧಿ ನಡೆಯದು; ಇಲ್ಲಿ ಮೂಗು ಸಾಕ್ಷಿ ಹೇಳಲು ಅನರ್ಹ.

ಇನ್ನು ಕ್ಯಾಲ್ಸಿಯಂ ಪ್ರಕರಣ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು. ಬೋನ್‌ಲೆಸ್ ತಿಂದೇ ಬೆಳೆಯುವ ಮರಿಯ ದೇಹ ತನ್ನ ಮೂಳೆಯನ್ನೇ ಕರಗಿಸಿ ಆ ಸಾಲ ತೀರಿಸುತ್ತದೆ. ಇದಕ್ಕೆ ಹೆದರಿ ಮೂಳೆಪುಡಿ, ಟಾನಿಕ್ಕು, ಹಾಲು ಎಲ್ಲವನ್ನೂ ಒಟ್ಟಿಗೆ ಸುರಿಯುವುದು ನಮ್ಮ ಬಡಾವಣೆಯ ವಾತ್ಸಲ್ಯ ಪಂಥ. ಎಳೆಯ ಮರಿಯ ಕರುಳಿಗೆ ‘ಸಾಕು’ ಎನ್ನಲು ಬಾರದು. ಹೆಚ್ಚು ಹಾಕಿದಷ್ಟೂ ಹೆಚ್ಚು ಹೀರುತ್ತದೆ. 1980ರ ದಶಕದಲ್ಲಿ ಯುಟ್ರೆಕ್ಟಿನ ಹ್ಯಾಜೆವಿಂಕೆಲ್ ಮತ್ತು ಸಂಗಡಿಗರು ಗ್ರೇಟ್ ಡೇನ್ ಮರಿಗಳಲ್ಲೇ ತೋರಿಸಿದರು: ಕ್ಯಾಲ್ಸಿಯಂ ಅತಿಯಾದವುಗಳ ಮೂಳೆ ವಿಕಾರಗೊಂಡಿತು. ಬೆಳೆದಾಗ ಸುಮಾರು 32 ಕೆಜಿ ಮುಟ್ಟುವ ತಳಿಗಳ ಮರಿಗಳಿಗೆ ಅಮೆರಿಕದ ಮೇವು ನಿಯಂತ್ರಣಾಧಿಕಾರಿಗಳ ಸಂಘ ಆಹಾರದ ಒಣತೂಕದ ಶೇ. 1.8ಕ್ಕೆ ಗೆರೆ ಎಳೆದಿದೆ. ವಾತ್ಸಲ್ಯಕ್ಕೆ ಯಾರೂ ಗೆರೆ ಎಳೆದಿಲ್ಲ.

ಇಷ್ಟು ಓದಿದೊಡನೆ ರಾಗಿ ಪಂಥದವರು ಎದ್ದು ನಿಲ್ಲುತ್ತಾರೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ! ನಿಜ. ಆದರೆ ಅಂಬಲಿ ಕಾಸಿದ ಕ್ಷಣವೇ ವಿಷಯ ಹಸಿಯಲ್ಲವಾಗಿ ಪ್ರಬಂಧದ ವ್ಯಾಪ್ತಿ ಮೀರುತ್ತದೆ. ಮುಧೋಳದ ಕಡೆ ಜೋಳದ ಅಂಬಲಿ, ಹಾಲು ಹಾಕಿಯೇ ಬೇಟೆನಾಯಿಗಳನ್ನು ಓಡಿಸಿದವರು ಈ ಗೋಷ್ಠಿಗೆ ಬರಲೇ ಇಲ್ಲ.

ಶೇಖರಣಾ ಪ್ರಕರಣ. ಸಾಲ್ಮೊನೆಲ್ಲಾ ಫ್ರೀಜರಿನಲ್ಲಿ ಸಾಯುವುದಿಲ್ಲ, ಮಲಗಿರುತ್ತದೆ. ಮರಿಗೆ ಏನೂ ಆಗದಿದ್ದರೂ ಬಟ್ಟಲು ತೊಳೆದವರಿಗೆ ಆಗಬಹುದು. ಅಮೆರಿಕದ ಪಶುವೈದ್ಯ ಸಂಘ 2012ರಲ್ಲಿ ಹಸಿ ಆಹಾರ ಬೇಡವೆಂದು ಸಕಾರಣವಾಗಿ ಹೇಳಿತು. ನಮ್ಮ ಅಜ್ಜಿ ಸಂಕ್ಷೇಪವಾಗಿ ಹೇಳಿದರು: “ನನ್ ಹಿತಕಿದ್ ಬೇಳೆ ಪಕ್ಕ ಆ ಕವರ್ ಇಟ್ಯೋ, ನೀನೂ ಅದ್ರ ಜೊತೆ ಟೆರೇಸ್ ಮೇಲೆ ಮಲ್ಕೋ.” ಇದಕ್ಕೆ ಪೂರ್ವಪಕ್ಷವೇ ಇಲ್ಲ.

ಹೀಗಾಗಿ, ನಿರ್ಣಯ. ಮಾಂಸ ಬೇಯಿಸತಕ್ಕದ್ದು, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುವುದರಿಂದ ತೆಗೆಯತಕ್ಕದ್ದು, ಕ್ಯಾಲ್ಸಿಯಂ ಲೆಕ್ಕ ಪಶುವೈದ್ಯರಿಗೆ ಬಿಡತಕ್ಕದ್ದು. ಮರಿ ನಿಧಾನವಾಗಿ ಬೆಳೆಯಲಿ, ಸವರಿದರೆ ಪಕ್ಕೆಲುಬು ಕೈಗೆ ಸಿಗಲಿ. “ಏನ್ರೀ, ಮರಿಗೆ ಊಟ ಹಾಕಲ್ವಾ?” ಎಂಬ ಪಕ್ಕದ ಮನೆಯವರ ಆಕ್ಷೇಪ ಶಾಸ್ತ್ರಸಮ್ಮತವಲ್ಲ. ವಾರಕ್ಕೊಮ್ಮೆ ತೂಕ ಅಗತ್ಯ. ಮನೆಯ ತಕ್ಕಡಿ ಸಾಲದಾದಾಗ ಮೈಸೂರು ರಸ್ತೆಯ ಗುಜರಿ ಅಂಗಡಿಯ ತಕ್ಕಡಿ ಪ್ರಶಸ್ತ. ಅಂಗಡಿಯವರು ರೇಟು ಹೇಳುವ ಮೊದಲೇ ಮರಿಯನ್ನು ಇಳಿಸಿಕೊಳ್ಳತಕ್ಕದ್ದು.