ಉಭಯ ಸಮ್ಮತಿಯಿಂದ

ಬೆಂಗಳೂರಿನ ನಾಯಂಡಹಳ್ಳಿಯಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ನಂಬಿಕೆ ಬರದಿದ್ದರೆ ಯಾವ ಬಾಡಿಗೆ ಅಗ್ರಿಮೆಂಟನ್ನಾದರೂ ತೆಗೆದು ನೋಡಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಸಬ್‌ರಿಜಿಸ್ಟ್ರಾರ್ ಆಫೀಸಿನ ಉಸಾಬರಿ ಯಾರಿಗೆ ಬೇಕು? ಹನ್ನೆರಡನೇ ತಿಂಗಳನ್ನೇ ಪಂಚಾಂಗದಿಂದ ಕಿತ್ತುಹಾಕಿದ್ದೇವೆ.

ಇಂಥ ಅಗ್ರಿಮೆಂಟುಗಳನ್ನು ಬರೆಯುವವರು ವಕೀಲರೆಂದು ತಿಳಿದವರು ಮೈಸೂರು ರಸ್ತೆಯ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಐದು ನಿಮಿಷ ನಿಲ್ಲಬೇಕು. "ಇಬ್ಬರ ಆಧಾರ್ ಕೊಡಿ, ಬಾಡಿಗೆ ಎಷ್ಟು ಹೇಳಿ" ಎನ್ನುತ್ತಾನೆ ಹುಡುಗ. ಉಳಿದದ್ದೆಲ್ಲ ಮೊದಲೇ ಸಿದ್ಧ. ಹೋದ ವಾರದವರ ಹೆಸರು ಅಳಿಸಿ ಈ ವಾರದವರದ್ದು ಕೂರಿಸುವುದಷ್ಟೇ ಕೆಲಸ. ಅದನ್ನೂ ಒಮ್ಮೊಮ್ಮೆ ಮರೆಯುತ್ತಾನೆ. ನನ್ನ ಪರಿಚಯದವರೊಬ್ಬರ ಅಗ್ರಿಮೆಂಟಿನ ಮೊದಲ ಪುಟದಲ್ಲಿ ಮನೆ ನಾಯಂಡಹಳ್ಳಿಯಲ್ಲಿದೆ, ಕೊನೆಯ ಪುಟದಲ್ಲಿ ಕಾಮಾಕ್ಷಿಪಾಳ್ಯಕ್ಕೆ ಹೋಗಿದೆ, ಎರಡು ಫ್ಯಾನು ಒಂದು ಗೀಸರ್ ಸಮೇತ. ಸಾಕ್ಷಿ ಹಾಕಿದವರಲ್ಲಿ ಒಬ್ಬರು ಮಾರ್ಕ್ಸ್‌ಕಾರ್ಡ್ ಜೆರಾಕ್ಸ್ ಮಾಡಿಸಲು ಬಂದಿದ್ದವರು.

ನಗಬೇಡಿ, ಈ ಹುಡುಗನ ಮಾತು ಸಂಸತ್ತಿನ ಮಾತಿಗಿಂತ ಮೇಲು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಬ್ರಿಟಿಷರ ಕಾಲದ್ದಾದರೂ ಬಾಡಿಗೆದಾರನ ಬಗ್ಗೆ ಒಂದಿಷ್ಟು ಕರುಣೆ ಇಟ್ಟುಕೊಂಡಿದೆ. ವಾಸ ಮಾಡಿದ ಮನೆ ಸಹಜವಾಗಿ ಸವೆದರೆ ಅದಕ್ಕೆ ಅವನು ಹೊಣೆಯಲ್ಲ. ಮಾಲೀಕ ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಇದಕ್ಕೆಲ್ಲ ಒಂದು ಷರತ್ತು: ಕರಾರಿನಲ್ಲಿ ಬೇರೆ ಮಾತು ಇರಬಾರದು. ನಮ್ಮ ಹುಡುಗ ಎರಡನೇ ಪುಟದಲ್ಲಿ ಬೇರೆ ಮಾತು ಬಿಟ್ಟು ಇನ್ನೇನನ್ನೂ ಟೈಪ್ ಮಾಡಿರುವುದಿಲ್ಲ.

ಉದಾಹರಣೆಗೆ ಪೇಂಟಿಂಗ್. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಕಟ್. ನೀವು ಹನ್ನೊಂದು ತಿಂಗಳು ಗೋಡೆ ಮುಟ್ಟದೆ ಬದುಕಿದ್ದರೂ ಕಟ್. ನಿಮಗಿಂತ ಮೊದಲಿದ್ದವರೂ ಕೊಟ್ಟಿದ್ದರು, ಅವರಿಗಿಂತ ಮೊದಲಿದ್ದವರೂ ಕೊಟ್ಟಿದ್ದರು. ಅಷ್ಟಾದರೂ ಅಡುಗೆಮನೆ ಬಾಗಿಲ ಹಿಂದೆ ಯಾವುದೋ ಮಗು ಪೆನ್ಸಿಲ್ಲಿನಲ್ಲಿ ಬರೆದ ಅ ಆ ಇ ಈ ಇನ್ನೂ ಹಾಗೇ ಇದೆ. ಆ ಮಗು ಈಗ ಇಂಜಿನಿಯರಿಂಗ್ ಓದುತ್ತಿರಬೇಕು.

ಇನ್ನು ಅಡ್ವಾನ್ಸು. ಬಾಡಿಗೆ 15,000 ಎಂದರೆ ಹತ್ತು ತಿಂಗಳದ್ದು 1,50,000, ಬಡ್ಡಿಯಿಲ್ಲದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದು 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಮಾಡಿತು. ಮಾದರಿಯೇನೋ ನಿಜ, ರಾಜ್ಯಗಳು ಕೈಗೆತ್ತಿಕೊಂಡರೆ ಮಾತ್ರ ಕಾಯ್ದೆ. ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದರೆ, ಅದು ಬೆಂಗಳೂರಿನಲ್ಲಿ ಕಾಯುವುದು ತಿಂಗಳಿಗೆ 3,500 ರೂಪಾಯಿವರೆಗಿನ ಮನೆಗಳನ್ನು. ಕೆಂಗೇರಿಯನ್ನೂ ದಾಟಿ ಮೆಟ್ರೊ ಓಡುವ ಈ ಕಾಲದಲ್ಲಿ ನಾಯಂಡಹಳ್ಳಿಯಲ್ಲಿ ಆ ಬಾಡಿಗೆಗೆ ಮನೆ ಸಿಕ್ಕರೆ ಕರೆಯಬೇಕಾದದ್ದು ವಕೀಲರನ್ನಲ್ಲ, ಟೀವಿಯವರನ್ನು.

ಅಡ್ವಾನ್ಸ್ ವಾಪಸ್ ಬರಲಿಲ್ಲ ಎಂದು ಕೋರ್ಟಿಗೆ ಹೋದಿರೋ, ಅಗ್ರಿಮೆಂಟ್ ಓದುವ ಮೊದಲು ಅದರ ಸ್ಟ್ಯಾಂಪ್ ನೋಡುತ್ತಾರೆ. ಶುಲ್ಕ ಕಡಿಮೆ ಬಿದ್ದಿದ್ದರೆ ಬಾಕಿಯ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆಯೇ ಅದು ಸಾಕ್ಷ್ಯ.

ಹಾಗಾಗಿ ಸಹಿಗೆ ಮೊದಲು ಓದಿ, ಬೇಡದ್ದನ್ನು ಹೊಡೆಸಿ ಎನ್ನುತ್ತಾರೆ ತಿಳಿದವರು. ಹೊಡೆಸಿ ನೋಡಿ.

"ಅಂಕಲ್, ಪೇಂಟಿಂಗ್ ದುಡ್ಡು ಗೋಡೆ ಹಾಳಾಗಿದ್ರೆ ಮಾತ್ರ ಅಂತ ಬರೆಸೋಣ್ವಾ?"

"ಅದೆಲ್ಲ ಬರೀ ಫಾರ್ಮಾಲಿಟಿ ಕಣಪ್ಪ. ನಾವೇನು ಹಾಗೆ ಮಾಡೋರಾ?"

"ಫಾರ್ಮಾಲಿಟಿ ಆದ್ರೆ ತೆಗೆದೇಬಿಡೋಣ."

"ಇನ್ನೂ ಹಾಲು ಉಕ್ಕಿಸಿಲ್ಲ, ಆಗಲೇ ಕೋರ್ಟು ಕಚೇರಿ ಥರ ಮಾತಾಡ್ತೀಯಲ್ಲಪ್ಪ!"

ಅಷ್ಟರಲ್ಲಿ ಬ್ರೋಕರ್ ಇನ್ನೊಂದು ಸಂಸಾರವನ್ನು ಕರೆತಂದು ಗೇಟಿನ ಹತ್ತಿರ ನಿಂತಿರುತ್ತಾನೆ.

"ಆಯ್ತು ಅಂಕಲ್, ಪೆನ್ ಕೊಡಿ."