ತಿರಸ್ಕಾರ ಮೀಮಾಂಸೆ: ಒಂದು ಬಹುಶಿಸ್ತೀಯ ಪ್ರವೇಶಿಕೆ

ಬಡತನವೆಂಬುದು ಅನುಭವವಲ್ಲ, ದಾಖಲೆ. ಇದು ಈ ಪ್ರಬಂಧದ ಮೂಲ ಪ್ರಮೇಯ. ತಮಿಳುನಾಡಿನ ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯ ಅರ್ಜಿದಾರರು ಇದನ್ನರಿಯದೆ ಹಸಿವನ್ನೇ ಪುರಾವೆಯೆಂದು ಹೊತ್ತು ತರುವುದರಿಂದ ಜ್ಞಾನಮೀಮಾಂಸೆಯ ನೆಲೆಯಲ್ಲಿ ಭಾರೀ ತೊಡಕುಂಟಾಗಿದೆ. 2023ರ ಸೆಪ್ಟೆಂಬರ್ 15ರಂದು ಶುರುವಾದ ಕಲೈಞರ್ ಮಗಳಿರ್ ಉರಿಮೈ ತೊಗೈ (ಮಹಿಳೆಯರ ಹಕ್ಕಿನ ಹಣ) ಯೋಜನೆಯನ್ನೇ ನೋಡಿ: ತಿಂಗಳ 1000 ರೂಪಾಯಿಗಾಗಿ ರಾಜ್ಯದಾದ್ಯಂತ ಬಂದ ಅರ್ಜಿ ಸುಮಾರು 1.63 ಕೋಟಿ, ಮೊದಲ ಸುತ್ತಿನಲ್ಲಿ ಒಪ್ಪಿದ್ದು ಸುಮಾರು 1.06 ಕೋಟಿ. ಉಳಿದವೆಲ್ಲ ನಮ್ಮ ಶಾಸ್ತ್ರದ ಆಕರ ಸಾಮಗ್ರಿ. ತಿರಸ್ಕಾರ ಐದು ಬಗೆ. ಮೊದಲನೆಯದು ವಿದ್ಯುನ್ಮೂಲ: ವರ್ಷಕ್ಕೆ 3600 ಯೂನಿಟ್ ದಾಟಿದರೆ ಸಿರಿವಂತಿಕೆ ಸಿದ್ಧ, ಅಣ್ಣತಮ್ಮಂದಿರ ಮೂರು ಒಲೆಗೆ ಒಂದೇ ಮೀಟರಿದ್ದರೆ ಮೂವರೂ ಸಿರಿವಂತರೇ. ಎರಡನೆಯದು ಚತುಶ್ಚಕ್ರಮೂಲ: ಟ್ರ್ಯಾಕ್ಟರಿಗೆ ಚಕ್ರವಿದೆ, ಅದರ ಸಾಲದ ಕಂತಿಗೆ ಚಕ್ರವಿಲ್ಲ, ಆದ್ದರಿಂದ ಕಂತು ಗಣನೆಗೆ ಬಾರದು. ಮೂರನೆಯದು ಲಿಪಿಮೂಲ: ತಮಿಳಿನಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದ್ದರಿಂದ ರೇಷನ್ ಕಾರ್ಡಿನ ಗಂಗಮ್ಮ ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಏರುವಷ್ಟರಲ್ಲಿ ಕಂಗಮ್ಮ ಆಗಿಬಿಡಬಹುದು, ಆಧಾರಿನ ಗಂಗಮ್ಮನೂ ಇವಳೂ ಒಬ್ಬಳೇ ಎಂದು ಸಾಧಿಸಲು ಅದ್ವೈತಿಗಳೇ ಬರಬೇಕು. ನಾಲ್ಕು, ಐದನ್ನು ಬಿಡೋಣ. ಹೆಸರಿಟ್ಟಷ್ಟೂ ತಿರಸ್ಕಾರಕ್ಕೆ ಮರ್ಯಾದೆ ಹೆಚ್ಚುತ್ತದೆ.

ವೃದ್ಧಾಪ್ಯ ವೇತನದ ತಾತ್ವಿಕತೆ ಇನ್ನೂ ಸೂಕ್ಷ್ಮ. ನೋಡಿಕೊಳ್ಳುವವರು ಇಲ್ಲವೆಂಬುದನ್ನು ಗ್ರಾಮಾಡಳಿತಾಧಿಕಾರಿ (ವಿ.ಎ.ಒ.) ವರದಿ ಮಾಡಬೇಕು, ತಹಸೀಲ್ದಾರರಿಗೆ ಅದು ಮನವರಿಕೆಯಾಗಬೇಕು. ಮಗ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಎಂದಮೇಲೆ ತಾಯಿ ದಿಕ್ಕಿಲ್ಲದವಳು ಹೇಗಾದಾಳು? ಅವನು ಊರಿಗೆ ಕಾಸು ಕಳಿಸುತ್ತಾನೋ ಇಲ್ಲವೋ ಎಂಬುದು ವಿವೇಚನಾಧಿಕಾರದ ವ್ಯಾಪ್ತಿಗೆ ಹೊರಗು. ಇಲ್ಲಿ ಪೂರ್ವಪಕ್ಷವೊಂದಿದೆ: ನಿಯಮವಿಲ್ಲದಿದ್ದರೆ ಉಳ್ಳವರೇ ಮೊದಲು ಸಾಲುಗಟ್ಟುತ್ತಾರೆ, ಬೊಕ್ಕಸಕ್ಕೂ ಮಿತಿಯುಂಟು. ನಿಜ, ಒಪ್ಪೋಣ. ಆದರೆ ನಿಯಮ ಉಳ್ಳವರನ್ನು ಜರಡಿ ಹಿಡಿಯುತ್ತಿಲ್ಲ. ಕಾಗದ ಹೊಂದಿಸಲು ತಿಳಿದವರನ್ನು ಮೇಲೆ ಉಳಿಸಿಕೊಂಡು, ತಿಳಿಯದವರನ್ನು ಕೆಳಗೆ ಬೀಳಿಸುತ್ತಿದೆ. ಉರಿಮೈ ತೊಗೈ ತಿರಸ್ಕಾರವಾದರೆ ಮೇಲ್ಮನವಿಗೆ 30 ದಿನ ಅವಕಾಶವಿದೆಯಲ್ಲ ಎನ್ನುವಿರಿ. ತಿರಸ್ಕಾರ ಬರುವುದು ಎಸ್ಸೆಮ್ಮೆಸ್ಸಿನಲ್ಲಿ. ಫೋನಿರುವುದು ಕೂಲಿಗೆ ಹೋದ ಮಗನ ಜೇಬಿನಲ್ಲಿ. ಅಂಚೆಟ್ಟಿಯ ಕಾಡಂಚಿನ ಹೆಂಗಸು ಒಂದು ದಿನದ ಕೂಲಿ ಬಿಟ್ಟು ಇ-ಸೇವೆ ಕೇಂದ್ರ ಹುಡುಕಬೇಕು. ಇದಕ್ಕೆ ಅವಕಾಶ ಅನ್ನಲು ನಾಚಿಕೆಯಾಗಬೇಕು. ಶಾಸ್ತ್ರದ ತಮಾಷೆ ಇಲ್ಲಿಗೆ ಸಾಕು. ಸಾವಿರ ರೂಪಾಯಿ ಕೇಳಿದವಳ ಮೀಟರು, ಹೊಲ, ಮಗ, ಹೆಸರಿನ ಅಕ್ಷರ ಎಲ್ಲವನ್ನೂ ತನಿಖೆ ಮಾಡುವ ವ್ಯವಸ್ಥೆ ತಾನು ಇಲ್ಲ ಅಂದದ್ದಕ್ಕೆ ಮಾತ್ರ ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತದೆ. ಯಾವ ದಿನ, ಯಾರು ಮನೆಗೆ ಬಂದು, ಏನು ನೋಡಿ ತಿರಸ್ಕರಿಸಿದರೆಂದು ಅವಳು ಓದಬಲ್ಲ ಭಾಷೆಯಲ್ಲಿ ಬರೆದುಕೊಡಲಿ. ಹೊಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಆ ಭಾಷೆ ಕನ್ನಡ, ಇಲ್ಲವೇ ತೆಲುಗು.