ತನಿ ಶುರುವಾಯ್ತು, ಏಳಿ ಏಳಿ!

ದಸರಾ ಕಾರ್ಯಕ್ರಮಗಳ ಪಟ್ಟಿ ಪೇಪರಲ್ಲಿ ಬಂದ ದಿನ ನಿಮ್ಮ ಉತ್ಸಾಹ ನೋಡ್ಬೇಕು ಸ್ವಾಮಿ! ಪೆನ್ನು ಹಿಡ್ಕೊಂಡು ಕೂತೇ ಬಿಡ್ತೀರ. ಅರಮನೆ ಮುಂದೆ ಕೊಳಲು, ಟಿಕ್ಕು. ಜಗನ್ಮೋಹನದಲ್ಲಿ ವೀಣೆ, ಟಿಕ್ಕು. ಕಲಾಮಂದಿರ, ಗಾನಭಾರತಿ, ಪುರಭವನದ ಪೌರಾಣಿಕ ನಾಟಕ, ಚಿಕ್ಕಗಡಿಯಾರದ ಹತ್ರ ಜಾನಪದ, ಟಿಕ್ಕೋ ಟಿಕ್ಕು. ಎಲ್ಲಾ ಒಂದೇ ಸಾಯಂಕಾಲ, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. (ನಿಮಗೂ ಅದು ಗೊತ್ತು. ಆಮೇಲೆ ಯಾವುದಕ್ಕೂ ಹೋಗದೇ ಇದ್ರೆ ಹೇಳೋಕೆ ಒಂದು ಕಾರಣ ಬೇಕಲ್ಲ?)

ಮೈಸೂರಿನವರ ಗುಟ್ಟು ಹೇಳ್ತೀನಿ, ಹತ್ರ ಬನ್ನಿ. ಊರವರಿಗಿಂತ ದಸರಾ ಜಾಸ್ತಿ ನೋಡಿರೋರು ಹೊರಗಿನವರು. ನಾವು ಹೋಗೋದು ಬೆಂಗಳೂರಿನ ಭಾವನ ಸಂಸಾರ ಬಂದಾಗ. ಆಗಲೂ ಒಳಗೆ ಹೋಗ್ತೀರಾ? ಇಲ್ಲ. ಜಗನ್ಮೋಹನದ ಗೇಟಲ್ಲಿ ನಿಂತ್ಕೊಂಡು, "1897ರಲ್ಲಿ ಹಳೇ ಮರದ ಅರಮನೆ ಸುಟ್ಟೋಯ್ತಲ್ಲ ಭಾವ, 1912ರಲ್ಲಿ ಈಗಿನದು ಮುಗಿಯೋ ತನಕ ರಾಜರ ಮನೆಯೋರು ಇಲ್ಲೇ ಇದ್ದಿದ್ದು" ಅಂತ ಭಾಷಣ ಬಿಗೀತೀರ. ಒಳಗೆ ಆಗಲೇ ವರ್ಣ ಮುಗಿದು ಕೃತಿ ಶುರುವಾಗಿರುತ್ತೆ.

ಇನ್ನು ಪಾಸು! ಜಂಬೂ ಸವಾರಿಗೆ ಪಾಸ್ ಬೇಕು, ಒಪ್ಪೋಣ. ಸಂಗೀತಕ್ಕೆ ಯಾರ್ರೀ ಕೇಳ್ತಾರೆ? ಆದ್ರೂ ನೀವು ಷಡ್ಕನ ಸ್ನೇಹಿತರಿಗೆ ಫೋನ್ ಮಾಡ್ದೇ ಬಿಡಲ್ಲ. ಪಾಸಿಲ್ಲದೆ ಒಳಗೆ ಬಿಡ್ತಾರೆ ಅಂದ್ರೆ ಆ ಕಚೇರೀಲಿ ಏನೋ ಐಬಿರ್ಬೇಕು ಅಂತ ನಿಮಗೆ ಒಳಗೊಳಗೇ ಗುಮಾನಿ. ಮುಂದಿನ ಸೋಫಾ ಸಾಲಲ್ಲಿ ಕೂತವರು ಮೊದಲ ಅರ್ಧ ಗಂಟೇಲೇ ಎದ್ದು ಹೋಗೋದನ್ನ ಎಷ್ಟು ವರ್ಷದಿಂದ ನೋಡ್ತಿದ್ದೀರಿ? ಆದ್ರೂ ಕಣ್ಣೆಲ್ಲ ಅಲ್ಲೇ.

ಅಂತೂ ಅರಮನೆ ಅಂಗಳಕ್ಕೆ ಬಂದು ಕೂತ್ರಿ ಅನ್ನಿ. ಪಕ್ಕದ ಎರಡು ಕುರ್ಚಿಗೆ ಕರ್ಚೀಫು, ಇನ್ನೊಂದಕ್ಕೆ ನೀರಿನ ಬಾಟ್ಲು. (ಬರೋರು ಯಾರು ಅಂತ ನಿಮಗೂ ಇನ್ನೂ ಖಾತ್ರಿಯಿಲ್ಲ.) ವಿದ್ವಾಂಸರು ಕಣ್ಮುಚ್ಚಿ ಆಲಾಪನೆ ಮಾಡ್ತಿರ್ತಾರೆ. ಅಷ್ಟರಲ್ಲಿ ಝಗ್ ಅಂತ ಲಕ್ಷದ ಹತ್ತಿರ ಬಲ್ಬು ಹತ್ಕೊಳ್ಳುತ್ತೆ. ಹೋ ಅಂತ ಕೂಗು, ಚಪ್ಪಾಳೆ, ಎಲ್ಲರ ಕೈಯಲ್ಲೂ ಮೊಬೈಲು. ಪಾಪ, ಅವರು ಅರಮನೆಗೆ ಬೆನ್ನು ಮಾಡಿ ಕೂತಿರೋದು. ಜನ ತಲೆದೂಗಿದ್ದು ತಮ್ಮ ಕಲ್ಯಾಣಿಗೋ ಕರೆಂಟಿಗೋ, ಅವರಿಗೆ ಹೇಗೆ ತಿಳೀಬೇಕು?

ರಾಗದ ವಿಷಯಕ್ಕೆ ಬಂದ್ರೆ ನಿಮ್ಮ ಧೈರ್ಯ ದೊಡ್ಡದು. ಪಕ್ಕದವರು ಮೆಲ್ಲಗೆ "ಯಾವ ರಾಗ ಸಾರ್?" ಅಂದ್ರೆ "ಖರಹರಪ್ರಿಯದ ಛಾಯೆ ಇದೆ" ಅಂತೀರ. ಛಾಯೆ ಅಂದ್ಬಿಟ್ರೆ ಯಾರೂ ಹಿಡಿಯೋಕಾಗಲ್ಲ ನೋಡಿ! ಜಯಚಾಮರಾಜ ಒಡೆಯರ ಕೃತಿ ಬಂದ್ರಂತೂ ಕೇಳೋದೇ ಬೇಡ. ರಾಜ್ಯವಾಳಿದ ಮಹಾರಾಜರೇ 94 ಕೃತಿ ರಚಿಸಿದ್ದಾರೆ ಅಂತ ಹಿಂದಿನ ಸಾಲಿಗೂ ಕೇಳೋ ಹಾಗೆ ಹೇಳ್ತೀರ. ಆ ಕೃತಿ ಮಾತ್ರ ಯಾರಿಗೂ ಕೇಳಿಸಲ್ಲ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಪ್ರಧಾನ ರಾಗ ಆಯ್ತು, ಕೃತಿ ಆಯ್ತು, ಸ್ವರಕಲ್ಪನೆ ಆಯ್ತು. ಗಾಯಕರು ಮೃದಂಗದವರ ಕಡೆ ತಿರುಗಿ ಒಂದು ನಗೆ ನಕ್ಕು, ತಾಳ ಹಾಕ್ತಾ ಸುಮ್ಮನಾಗ್ತಾರೆ. ತನಿ ಆವರ್ತನ! ಬೆಲ್ ಹೊಡೆದ ಸ್ಕೂಲ್ ಮಕ್ಕಳ ಹಾಗೆ ಕಾಫಿಗೆ ಅಂತ ಎದ್ದೇ ಬಿಡ್ತೀರಲ್ಲ, ಯಾಕ್ರೀ? ಎರಡು ಗಂಟೆ ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟು ನುಡಿಸಿದೋರು ಅವರು. ಮೃದಂಗ, ಘಟ, ಖಂಜರಿಗೆ ಅಂತ ಇಡೀ ಕಚೇರೀಲಿ ಸಿಗೋ ಹೊತ್ತು ಅದೊಂದೇ. ಅವರಿಗೆ ಆಗ ಕಾಣೋದು ನಿಮ್ಮ ಬೆನ್ನು.

ಕಾಫಿ ತಣ್ಣಗಾಗಲ್ಲ ಸ್ವಾಮಿ, ಹಾಕ್ಕೊಡೋನು ಅಲ್ಲೇ ಇರ್ತಾನೆ. ಇದೇ ಊರಲ್ಲಿ ಪಿಟೀಲು ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಹಿಂದೆ ಕೂತೋರಿಗೂ ಕೇಳಲಿ ಅಂತ ನಾಲ್ಕು ತಂತಿಯ ವಾದ್ಯವನ್ನ ಏಳು ತಂತಿಯದು ಮಾಡ್ಕೊಂಡ್ರು. ಹಿಂದಿನ ಸಾಲಿನ ಬಗ್ಗೆ ಅಷ್ಟು ಕಾಳಜಿ ಅವರಿಗೆ. ನೀವು ಹಿಂದಿನ ಸಾಲಲ್ಲಿ ಕೂರೋದು ಬೇಗ ಜಾಗ ಖಾಲಿ ಮಾಡೋಕೆ!

ಮಗಳು ಯುವ ದಸರಾಗೆ ಹೋಗ್ತೀನಿ ಅಂದಾಗ ಮುಖ ಸಿಂಡರಿಸಿದ್ದೂ ನೀವೇ ಅಲ್ವಾ? "ಅದೂ ಒಂದು ಸಂಗೀತಾನಾ, ಬರೀ ಗಲಾಟೆ." ಆ ಹುಡುಗಿ ಕೂರೋಕೆ ಜಾಗ ಇಲ್ದೇ, ಹೊಟ್ಟೆಗಿಲ್ದೇ, ಕೊನೇ ಹಾಡಿನ ತನಕ ನಿಂತೇ ಕೇಳಿ ಬಂದ್ಲು. ಡ್ರಮ್ಸ್ ಹೊಡೆಯೋನು ಒಬ್ಬನೇ ನುಡಿಸಿದಾಗ ಗಂಟಲು ಹರ್ಕೊಂಡು ಕೂಗಿದ್ಲಂತೆ. ನನ್ನ ಲೆಕ್ಕದಲ್ಲಿ ನಿಮ್ಮನೇಲಿ ರಸಿಕರು ಅಂತ ಯಾರಾದ್ರೂ ಇದ್ರೆ ಅವಳೇ.

ವಸ್ತುಪ್ರದರ್ಶನಕ್ಕೂ ನಾಳೆ ನಾಡಿದ್ದು ಅಂತೀರ. ವಿಜಯದಶಮಿ ಆದ ಮೇಲೂ ವಾರಗಟ್ಟಲೆ ಇರುತ್ತೆ ಅನ್ನೋ ಧೈರ್ಯ. ಕೊನೇ ವಾರದಲ್ಲಿ ಓಡಿ ಹೋಗಿ ಡೆಲ್ಲಿ ಹಪ್ಪಳ ತಿಂದು, ಒಂದು ಪಿಂಗಾಣಿ ಜಾಡಿ ತಂದು, "ಮೊದಲಿನ ಹಾಗಿಲ್ಲ ಬಿಡ್ರಿ" ಅಂತ ತೀರ್ಪು ಕೊಡ್ತೀರ. ರಂಗಾಯಣದ ನವರಾತ್ರಿ ನಾಟಕಕ್ಕೆ? ಬಿ.ವಿ. ಕಾರಂತರ ಹೆಸರು ಹೇಳಿ ನಿಟ್ಟುಸಿರು ಬಿಡೋದು ಬಿಟ್ರೆ ಆ ಕಡೆ ತಲೆ ಹಾಕಿದ್ದು ಯಾವಾಗ?

ಬೈತಿಲ್ಲ, ಬೇಜಾರ್ ಮಾಡ್ಕೋಬೇಡಿ. ಈ ಸಲ ಒಂದೇ ಒಂದು ಕಚೇರಿಗೆ ಬನ್ನಿ. ದೊಡ್ಡ ಹೆಸರಿನದು ಬೇಡ. ಜಗನ್ಮೋಹನದಲ್ಲೋ ಗಾನಭಾರತೀಲೋ ಊರಿನ ಹುಡುಗನೋ ಹುಡುಗಿಯೋ ಹಾಡ್ತಿರ್ತಾರೆ, ಮುಂದೆ ಬಂದು ಕೂತ್ಕೊಳ್ಳಿ, ತನಿ ಮುಗಿಯೋ ತನಕ ಏಳ್ಬೇಡಿ. ಕರ್ಚೀಫ್ ತರೋ ಅಗತ್ಯವಿಲ್ಲ, ಕುರ್ಚಿ ಬೇಕಾದಷ್ಟು ಖಾಲಿ ಇರುತ್ತೆ.